ಒಂದು ನಟ್ಟು ಹೆಚ್ಚು

ಕಟ್ಟಿದ್ದನ್ನೆಲ್ಲ ಕೊನೆಗೆ ಬಿಚ್ಚಬೇಕು ಅಂತ
ಮೊದಲ ದಿನವೇ ಹೇಳಿದ್ದರಂತೆ.
ನನಗೆ ಕೇಳಿಸಿರಲಿಲ್ಲ.
ಆಗ ನಾನು ಕಿಟಕಿಯಾಚೆ
ಕಬ್ಬಿಣದ ಸೇತುವೆ ತನ್ನ ನಡುವನ್ನೇ ಎತ್ತಿ
ಹಡಗಿಗೆ ದಾರಿ ಬಿಡುವುದನ್ನು ನೋಡುತ್ತಿದ್ದೆ.

ಈಗ ಬುಧವಾರ. ಶನಿವಾರ ಹತ್ತಕ್ಕೆ ಕೋಣೆ ಖಾಲಿ ಮಾಡಬೇಕು.
ಕಾಂಗಸ್ ಮೇಷ್ಟ್ರು ಏಳು ನೀಲಿ ಡಬ್ಬಿ ಜೋಡಿಸಿಟ್ಟು
ಪಟ್ಟಿ ಕೊಟ್ಟರು:
ಸ್ಕ್ರೂ ನಲವತ್ತೆಂಟು, ನಟ್ಟು ನಲವತ್ತೆಂಟು,
ವಾಷರ್ ತೊಂಬತ್ತಾರು, ರಬ್ಬರ್ ಬಳೆ ನಾಲ್ಕು.
ಮುಂದಿನ ಬೇಸಿಗೆಯ ಮಕ್ಕಳಿಗೆ
ಒಂದೂ ಕಡಿಮೆ ಬೀಳಬಾರದು.

ನಮ್ಮದು ಸುಪೀರಿಯರ್ ಸರೋವರದ ಮೇಲೊಂದು ತೇಲುಬುರುಡೆ,
ನೀರಿನ ಮೈಬಿಸಿ ಅಳೆಯುವುದಕ್ಕೆ.
ಓಡೆಲ್ ಅದಕ್ಕೆ ತನ್ನ ಸೋದರತ್ತೆಯ ಹೆಸರಿಟ್ಟಿದ್ದ, ಲುವೆನಿಯಾ:
ಯಾರು ಮುಳುಗಿಸಿದರೂ ಮೇಲೆ ಬರುವವಳಂತೆ ಆಕೆ.
ನಮ್ಮ ಲುವೆನಿಯಾ ಮೊದಲ ದಿನ ಮುಳುಗಿದಳು,
ಎಲ್ಲರ ಕಣ್ಣೆದುರಿಗೇ, ಗುಳು ಗುಳು ಅಂತ.
ತಪ್ಪು ನನ್ನದು. ಬಳೆ ಕೂರುವ ಗಾಡಿಯಲ್ಲಿ
ಸಾಸಿವೆಯಷ್ಟೂ ಇಲ್ಲದ ಒಂದು ಮರಳ ಕಣ.

ಟೂಲಿ ಧುಮುಕಿ ತಂದಳು. ಜುಲೈ ತಿಂಗಳು,
ಆದರೂ ತುಟಿ ನೇರಳೆಹಣ್ಣು.
ಎರಡು ದಿನ ಮಾತಿಲ್ಲ.
ಮೂರನೆಯ ದಿನ ಅವಳಜ್ಜಿ ಮಾಡಿದ ಏಲಕ್ಕಿ ಬ್ರೆಡ್ಡು
ಅರ್ಧ ಮುರಿದು ನನ್ನ ಕಡೆ ತಳ್ಳಿ,
"ಗಾಡಿ ಒರೆಸಿದೆಯಾ?" ಅಂದಳು.

ಆಮೇಲೆ ಹನ್ನೊಂದು ರಾತ್ರಿ ತೇಲಿತು.
ಹತ್ತು ನಿಮಿಷಕ್ಕೊಂದು ಅಂಕಿ.
ಹದಿನಾರು. ಹದಿನಾರು. ಹದಿನೈದೂವರೆ.
ಒಂದು ರಾತ್ರಿ ಗಾಳಿ ತಿರುಗಿ
ಎರಡು ಗಂಟೆಗೆ ಒಮ್ಮೆಲೇ ಹನ್ನೊಂದು.
ಕೆಟ್ಟಿತು ಅಂದ ಓಡೆಲ್.
ಮಲಗುವ ಬಟ್ಟೆಯಲ್ಲೇ ಓಡಿದೆವು ದಂಡೆಗೆ, ಮೂವರೂ,
ಕಲ್ಲಿನ ಮೇಲೆ ಮೊಣಕಾಲೂರಿ ಕೈ ಅದ್ದಿದೆವು.
ಕೆಟ್ಟಿರಲಿಲ್ಲ.
ತಳದ ನೀರು ಮೇಲೆದ್ದು ಬಂದಿತ್ತು.
ಬೆರಳ ಗೆಣ್ಣು ನೋಯುವತನಕ
ಯಾರೂ ಕೈ ತೆಗೆಯಲಿಲ್ಲ.

ನಮ್ಮಪ್ಪ ಸ್ಯಾಗಿನಾದಲ್ಲಿ ಕಬ್ಬಿಣ ಎರಕ ಹೊಯ್ಯುವವನು.
ಅವನ ಅಂಕಿಗಳನ್ನು
ಕೈಯಿಟ್ಟು ನೋಡುವ ಹಾಗಿಲ್ಲ.

ಬಿಚ್ಚುವುದು ಬೇಗ ಮುಗಿಯುತ್ತದೆ. ಅದೇ ಬೇಜಾರು.
ಐದು ವಾರದ್ದು ಒಂದು ಮಧ್ಯಾಹ್ನದಲ್ಲಿ.
ಮುಚ್ಚಳದ ಒಳಮೈಯಲ್ಲಿ
ಯಾರೋ ಮೊಳೆಯಿಂದ ಗೀಚಿದ್ದರು: "ಇದೂ ಸೋರುತ್ತದೆ".
ಯಾವ ವರ್ಷದವರೋ.
ಅಳಿಸಬೇಕೆಂದು ಪಟ್ಟಿಯಲ್ಲಿರಲಿಲ್ಲ, ಬಿಟ್ಟೆವು.

ಶುಕ್ರವಾರ ಸಂಜೆ ಎಣಿಕೆ.
ನಟ್ಟು ನಲವತ್ತೊಂಬತ್ತು.
ಮತ್ತೆ ಎಣಿಸಿದೆವು. ಟೂಲಿ ಎಣಿಸಿದಳು.
ಮೇಷ್ಟ್ರು ಕನ್ನಡಕ ತೆಗೆದು, ಹಾಕಿ, ಎಣಿಸಿದರು.
ಹತ್ತೊಂಬತ್ತು ಬೇಸಿಗೆಯಲ್ಲಿ
ಕಡಿಮೆ ಬಿದ್ದದ್ದುಂಟಂತೆ, ಹೆಚ್ಚಾದದ್ದಿಲ್ಲ.
ನಮ್ಮ ಮುಖಗಳನ್ನು ಒಬ್ಬೊಬ್ಬರದಾಗಿ ನೋಡಿದರು,
ಯಾರಾದರೂ ಒಪ್ಪಿಕೊಳ್ಳಲಿ ಎಂಬಂತೆ.
ಕೊನೆಗೆ ಪುಸ್ತಕದಲ್ಲಿ ಬರೆದರು, ಹೆಚ್ಚು: ಒಂದು.
ಕಾರಣದ ಕಲಂ ಖಾಲಿ ಬಿಟ್ಟರು.

ಅಪ್ಪ ಬೆಳಿಗ್ಗೆಯೇ ಬಂದ,
ರಾತ್ರಿಯೆಲ್ಲ ಓಡಿಸಿದ ಕಣ್ಣು, ಶರ್ಟಿಗೆ ಇಸ್ತ್ರಿ.
"ಏನು ಕಟ್ಟಿದೆ, ತೋರಿಸು ಮರಿಸೆಲಾ."
ಕಪಾಟು ತೆರೆದು ಡಬ್ಬಿಗಳನ್ನು ತೋರಿಸಿದೆ.
ಅವನು ನಗಲಿಲ್ಲ.
ಒಂದು ನಟ್ಟು ತೆಗೆದು, ಸುಟ್ಟ ಕಲೆಯ ಹೆಬ್ಬೆರಳಿನಲ್ಲಿ
ಎಳೆ ಸವರಿ, ಬೆಳಕಿಗೆ ಹಿಡಿದು,
ಅದರ ತೂತಿನಿಂದ ನನ್ನನ್ನೇ ನೋಡಿದ.
ಆಮೇಲೆ ಎಲ್ಲಿತ್ತೋ ಅಲ್ಲಿಯೇ ಇಟ್ಟ.
ಇಟ್ಟನಲ್ಲವೇ ಎಂದು ನಾನು ಬಗ್ಗಿ ನೋಡಿದೆ.

ಊರು ದಾಟಿ ಪೈನ್ ಮರಗಳ ನಡುವೆ ಫೋನು ಗುಂಯ್‌ಗುಟ್ಟಿತು.
ಟೂಲಿಯದು. ನಮಸ್ಕಾರವಿಲ್ಲ, ಹೆಸರಿಲ್ಲ:
"ಹದಿಮೂರು, ಸುಮಾರು."

ಸುಮಾರು.
ಐದು ವಾರ ಮೇಷ್ಟ್ರು
ನಮ್ಮ ಬಾಯಿಂದ ಕಿತ್ತು ಕಿತ್ತು ಎಸೆದ ಪದ.
ಬುರುಡೆಯಿಲ್ಲ, ತಂತಿಯಿಲ್ಲ.
ಕಲ್ಲಿನ ಮೇಲೆ ಒಬ್ಬಳೇ ಕೂತು
ಕೈ ಅದ್ದಿರಬೇಕು.